ದೇವದಾಸಣ್ಣನ ಇಟಲಿ ಪೆಟ್ಟಿಗೆ

ಕಟಪಾಡಿಯ ದೇವದಾಸಣ್ಣ ಬಹರೈನಿನಲ್ಲಿ ಇಟಲಿಯ ಒಬ್ಬ ಮುದಿ ಇಂಜಿನಿಯರನ ಕಾರು ಓಡಿಸುತ್ತಿದ್ದವರು. ಉಳಿದವರು ಊರಿಗೆ ಚಿನ್ನ ತಂದರೆ ಇವರು ಧಣಿ ಕೊಟ್ಟ ಹಳೆಯ ಅನಲಾಗ್ ಸಿಂಥಸೈಜರ್ ಎಂಬ ಸ್ವರ ಹೊರಡಿಸುವ ಯಂತ್ರ ತಂದರು. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಮೈತುಂಬ ತಿರುಗಣೆ, ವಯರು.

"ಇಟಲಿಯವರು ಅರುವತ್ತರ ದಶಕದಲ್ಲೇ ಬರೀ ಕರೆಂಟಿನಿಂದ ಸಂಗೀತ ಹುಟ್ಟಿಸಿದ್ದರು, ಗೊತ್ತುಂಟಾ?" ಎಂದು ಜಂಕ್ಷನ್ನಿನಲ್ಲಿ ಸಿಕ್ಕಿದವರನ್ನೆಲ್ಲ ಹಿಡಿಯುತ್ತಿದ್ದರು. ಅವರನ್ನು ಕಂಡರೆ ರಿಕ್ಷಾದವರು ಬಾಡಿಗೆ ಇಲ್ಲದಿದ್ದರೂ ಹೊರಟುಬಿಡುತ್ತಿದ್ದರು. ಪಾಪ, ಒಬ್ಬರಾದರೂ ಕೂತು ಆ ಪೆಟ್ಟಿಗೆಯ ಸ್ವರ ಕೇಳಬೇಕೆಂಬುದೊಂದೇ ಅವರ ಆಸೆ. ಹೆಂಡತಿ ಅಪ್ಪಿಯಕ್ಕ ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: "ಒಂದು ಪದ್ಯ ಬರುವುದಿಲ್ಲ ಅದರಲ್ಲಿ, ಬರೀ ಗುಂಯ್ ಅಂತ ಉಂಟು. ಯಾರಿಗಾದರೂ ಉಪಯೋಗಕ್ಕೆ ಬಿದ್ದರೆ ಸರಿ, ಇಲ್ಲದಿದ್ದರೆ ಈ ತಿಂಗಳೇ ಗುಜರಿಗೆ."

ಒಂದು ಶನಿವಾರ ಸಂಜೆ ನಮ್ಮ ಭಜನಾ ಮಂದಿರದ ಶ್ರುತಿಪೆಟ್ಟಿಗೆ ಕೆಟ್ಟಿತು. ಹಾರ್ಮೋನಿಯಂನವರು ಎರ್ಮಾಳಿನ ಮದುವೆಗೆ ಹೋಗಿದ್ದರು. ನಮಗೂ ಬೇಕಾದದ್ದು ಬರೀ ಗುಂಯ್ ಎನ್ನುವ ಯಂತ್ರವೇ! ಸುದ್ದಿ ಕೇಳಿದ್ದೇ ದೇವದಾಸಣ್ಣ ತಮ್ಮ ಪೆಟ್ಟಿಗೆಯನ್ನು ಟೆಂಪೊದಲ್ಲಿ ಹಾಕಿಕೊಂಡು ಓಡಿಬಂದರು. ಸ್ವರ ಒಂದೇ ಕಡೆ ನಿಲ್ಲಬೇಕಾದರೆ ಅದನ್ನು ಮೊದಲು ಗಂಟೆಗಟ್ಟಲೆ ಕರೆಂಟು ಕೊಟ್ಟು ಬಿಸಿ ಮಾಡಬೇಕೆಂದು ಧಣಿ ಹೇಳಿದ್ದನಂತೆ. ಸಂಭ್ರಮದಲ್ಲಿ ಇವರಿಗೆ ಅದು ಮರೆತೇಹೋಯಿತು.

ಭಜನೆ ಹೇಳಿಕೊಡುವ ವಿಠಲಣ್ಣನಾದರೋ ಮಹಾ ಕಟ್ಟುನಿಟ್ಟು. ಯಾರಾದರೂ ಶ್ರುತಿ ಬಿಟ್ಟರೆ ತಾಳ ನಿಲ್ಲಿಸಿ ದುರುಗುಟ್ಟಿ ನೋಡುವ ಮನುಷ್ಯ. ಪೆಟ್ಟಿಗೆ ಬಿಸಿಯಾದಂತೆ ಅದರ ಸ್ವರ ತುಸುತುಸುವೇ ಏರತೊಡಗಿತು. ಶ್ರುತಿ ಬಿಡುವಂತಿಲ್ಲವಲ್ಲ, ನಾವೂ ಏರಿದೆವು. ಗಂಡಸರ ಕುತ್ತಿಗೆಯ ನರ ಉಬ್ಬಿತು. ಮಂಗಳಾರತಿಯ ಹೊತ್ತಿಗೆ ವಿಠಲಣ್ಣ ಕಣ್ಣು ಮುಚ್ಚಿಕೊಂಡು ಎಳೆಗೂಸಿನ ಹಾಗೆ ಕಿರುಚುತ್ತಿದ್ದರು. ಬಸ್ಸಿಗೆ ಕಾದಿದ್ದವರೆಲ್ಲ ಬಾಗಿಲಲ್ಲಿ ಸೇರಿದ್ದರು. ನನಗೆ ನಗು ತಡೆಯಲಾಗದೆ ಶಾಲು ಬಾಯಿಗೆ ತುರುಕಿಕೊಂಡೆ.

ಮುಗಿದ ಮೇಲೆ ವಿಠಲಣ್ಣನಿಗೆ ಗಂಟಲೇ ಇಲ್ಲ. "ನಾಡಿದ್ದೇ ಹೊಸ ಶ್ರುತಿಪೆಟ್ಟಿಗೆ ತರುವ," ಎಂದು ಪಿಸುಗುಟ್ಟಿದರು. "ಅಲ್ಲ ಮಾರಾಯ, ಏರಿದ್ದು ನಿನಗೆ ಗೊತ್ತಾಗಲಿಲ್ವಾ? ನಿಲ್ಲಿಸಲಿಕ್ಕೆ ಎಂತ ಆಗಿತ್ತು?"

"ಮೊದಲ ಪದ್ಯದಲ್ಲೇ ಗೊತ್ತಾಗಿತ್ತು," ಎಂದರು ದೇವದಾಸಣ್ಣ ತಲೆ ತಗ್ಗಿಸಿ. "ಆದರೆ ಇದನ್ನು ಇಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ನಿಲ್ಲಿಸಲಿಕ್ಕೆ ಮನಸ್ಸು ಬರಲಿಲ್ಲ."

ನನ್ನ ನಗು ಅಲ್ಲಿಗೇ ನಿಂತಿತು. ಟೆಂಪೊದವನು, "ಗುಜರಿಗಾ, ಮನೆಗಾ?" ಎಂದು ಕೇಳಿದ. ದೇವದಾಸಣ್ಣ ಬಗ್ಗಿ ವಯರು ಸುತ್ತತೊಡಗಿದರು.

"ಮನೆಗೆ," ಎಂದರು ಭಜನೆಗೆ ಬಂದಿದ್ದ ಅಪ್ಪಿಯಕ್ಕ. ಆಮೇಲೆ ಗಂಡನ ಕಡೆ ತಿರುಗಿ, "ದಿನಾ ಸಂಜೆ ನಾನೇ ಕೂತು ಕೇಳುತ್ತೇನೆ. ಆದರೆ ಧಾರಾವಾಹಿ ಮುಗಿದ ಮೇಲೆ," ಎಂದರು.