ಪೂಜೆಯ ದಿನ ನಾನು ಕೆಂಗೇರಿಯಲ್ಲಿದ್ದೆ

ಒಂದು ಕಡೆ ಕೆಲಸದಲ್ಲಿದ್ದುಕೊಂಡೇ ಇನ್ನೊಂದು ಕಡೆ ಇಂಟರ್‌ವ್ಯೂಗೆ ಹೋಗುವವರಿಗೆ ಮೊದಲ ತಲೆನೋವು ಇಂಟರ್‌ವ್ಯೂ ಅಲ್ಲ, ರಜೆ. ಜ್ವರ ಅಂದರೆ ನಮ್ಮ ಕಾರ್ಖಾನೆ ಶೆಡ್ಡಿನ ಯಜಮಾನರು ಮಧ್ಯಾಹ್ನ ಫೋನ್ ಮಾಡಿ, "ಈಗ ಹೇಗಿದೆ? ಆ ಬಿಲ್ ಎಲ್ಲಿಟ್ಟಿದೀರ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಯಾರೋ ತೀರಿಕೊಂಡರು ಅಂದರೆ ಯಾರು, ಯಾವೂರು, ಏನಾಗಿತ್ತು ಎಂದು ಶೆಡ್ಡಿನವರೆಲ್ಲ ವಿಚಾರಿಸಿ, ಕೊನೆಗೆ ನಾವೂ ಬರ್ತೀವಿ ಎಂದು ಹೊರಟು ನಿಲ್ಲುವ ಜನ. ಹಾಗಾಗಿ ನಾನು ಸತ್ಯನಾರಾಯಣ ಪೂಜೆಯನ್ನು ಆರಿಸಿಕೊಂಡೆ. ಇಂಟರ್‌ವ್ಯೂ ದಿನವೇ ಹುಣ್ಣಿಮೆಯೂ ಬಿದ್ದಿತ್ತು. ಪೂಜೆಗೆ ಕೂತವಳಿಗೆ ಯಾರೂ ಫೋನ್ ಮಾಡುವುದಿಲ್ಲ. ಚಿಕ್ಕ ಮನೆ, ಮನೆಮಟ್ಟಿಗೆ ಅಷ್ಟೇ ಅಂದರೆ ಕರೆಯಲಿಲ್ಲ ಎಂದು ಬೇಜಾರೂ ಮಾಡಿಕೊಳ್ಳುವುದಿಲ್ಲ. ಒಳ್ಳೆ ಸೀರೆ ಉಟ್ಟು, ಹೂ ಮುಡಿದು ವಿಜಯನಗರದಲ್ಲಿ ಮೆಟ್ರೊ ಹತ್ತುವಾಗ ಯಾರ ಕಣ್ಣಿಗೆ ಬಿದ್ದರೂ, ಪೂಜೆಗೆ ಏನೋ ತರಲು ಹೊರಟಿದ್ದಾಳೆ ಅಂದುಕೊಳ್ಳುತ್ತಾರೆ. ಇಷ್ಟೆಲ್ಲ ಯೋಚಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಪ್ರಸಾದದ ವಿಷಯ ಮಾತ್ರ ತಲೆಗೆ ಹೊಳೆದಿರಲಿಲ್ಲ.

ನಮ್ಮದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಳಗೆ, ಬಾಗಿಲಿಗೆ ಹಾಕುವ ಹಿತ್ತಾಳೆ ಚಿಲಕ, ಕೀಲು ಮಾಡುವ ಸಣ್ಣ ಶೆಡ್. ನಾನು ಬಿಲ್ಲು ಬರೆದು ಮಾಲು ಕಳಿಸುವವಳು. ಸೇರಿದಾಗ ಸುತ್ತ ಎಲ್ಲ ಶೆಡ್‌ಗಳಲ್ಲೂ ಲೇತ್ ತಿರುಗುತ್ತಿತ್ತು. ಊಟದ ಹೊತ್ತಿಗೆ ಎಲ್ಲವೂ ನಿಂತಾಗ ಕಿವಿಗೆ ಏನೋ ಆಯಿತೆಂದು ಹೆದರಿದ್ದೆ. ಈಗ ಎಡಗಡೆಯ ಶೆಡ್ ಜಿಮ್ ಆಗಿದೆ. ಬಲಗಡೆಯದರಲ್ಲಿ ಸೋಫಾ ಮಾರುತ್ತಾರೆ. ಹಿಂದಿನ ಗೋಡೆಯಾಚೆ ಬಿಯರ್ ತಯಾರಿಸಿ ಅಲ್ಲೇ ಕುಡಿಸುವ ಜಾಗ ಬಂದಿದೆ. ನಮ್ಮ ಶೆಡ್ಡಿನ ಸರದಿ ಯಾವಾಗ ಎಂಬುದೊಂದೇ ಎಲ್ಲರ ಪ್ರಶ್ನೆ. ಯಜಮಾನರನ್ನು ಕೇಳಿದರೆ, "ನಾನಿರೋ ತನಕ ಏನೂ ಆಗಲ್ಲ, ಕೆಲಸ ನೋಡ್ಕೊಳ್ಳಿ" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ನಂಬಿದವರಲ್ಲಿ ಎಲ್ಲರಿಗಿಂತ ಮುಂದಿದ್ದವರು ಪಾಲಿಷ್ ಮಾಡುವ ಅಣ್ಣ. ಗದಗದ ಕಡೆಯವರು, ಐವತ್ತು ದಾಟಿದವರು. ದಿನವಿಡೀ ಚಕ್ರದ ಮುಂದೆ ಕೂತು, ಸಂಜೆ ಎದ್ದಾಗ ಹುಬ್ಬು, ಮೀಸೆಯೆಲ್ಲ ಹಿತ್ತಾಳೆ ಪುಡಿಯಿಂದ ಮಿನುಗುತ್ತಿರುತ್ತಿತ್ತು. ಚಿನ್ನದ ಮೀಸೆ ಎಂದು ನಾವು ತಮಾಷೆ ಮಾಡಿದರೆ, "ಬ್ಯಾಂಕಿನವರು ಅಡಾ ಇಟ್ಕೊಳ್ಳಂಗಿಲ್ರೀ" ಎಂದು ನಗುತ್ತಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಅವರ ಕಡೆಯವರೊಬ್ಬರು ಪಾತ್ರೆ ಪಾಲಿಷ್ ಅಂಗಡಿ ಇಟ್ಟಿದ್ದರು. ಅಲ್ಲಿ ಒಂದು ಜಾಗ ಖಾಲಿಯಾಗಿ, ಬರುತ್ತೀರೋ ಇಲ್ಲವೋ ಹುಣ್ಣಿಮೆಯ ಮಾರನೆ ದಿನ ಹೇಳಿ, ಇಲ್ಲದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದಿದ್ದರಂತೆ. ಅಣ್ಣ ನನ್ನ ಮೇಜಿನ ಹತ್ತಿರ ಬಂದು ಕೇಳಿದರು.

"ಅಕ್ಕಾರ, ಬಿಲ್ಲು ಬರಿಯೋರು ನೀವು. ನಿಮಗ ಗೊತ್ತಿರತೈತಿ. ಈ ಶೆಡ್ ಉಳೀತೈತೋ ಇಲ್ಲೋ?"

"ನಂಗೂ ಗೊತ್ತಿಲ್ಲ ಅಣ್ಣ," ಅಂದೆ. ಆಗ ಅದು ನಿಜವೇ ಆಗಿತ್ತು. ನನಗೇ ಬೇರೆ ಕಡೆ ಇಂಟರ್‌ವ್ಯೂ ನಿಗದಿಯಾಗಿದೆ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಹೊರಡುವ ಮುಂಚೆ ಅವರೇ, "ಪೂಜಾದ ಪ್ರಸಾದ ಮರೀಬ್ಯಾಡ್ರಿ ಮತ್ತ" ಎಂದು ನೆನಪಿಸಿದರು. ಹಿಂದೆಯೇ ಶೆಡ್ಡಿನವರೆಲ್ಲ, ನಂಗೆ ಜಾಸ್ತಿ ತುಪ್ಪ, ನಂಗೆ ಬಾಳೆಹಣ್ಣು ಇರೋ ಕಡೆಯದು ಎಂದು ಶುರು ಮಾಡಿದರು. ಆಯ್ತು, ತರ್ತೀನಿ ಎನ್ನಲೇಬೇಕಾಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ನಮ್ಮ ಅತ್ತೆ ನನ್ನ ಪರ, ಅದರಲ್ಲಿ ಅನುಮಾನ ಬೇಡ. ಇಂಟರ್‌ವ್ಯೂಗೆ ಹೋಗು ಎಂದು ಬೆನ್ನು ಹತ್ತಿದ್ದವರೂ ಅವರೇ. ಸ್ಕೂಲ್ ವ್ಯಾನ್ ಓಡಿಸುವ ಮಗನ ಸಂಬಳದಲ್ಲಿ ಮೊಮ್ಮಗಳ ಕಾಲೇಜು ಮುಗಿಯುವುದಿಲ್ಲ ಎಂದು ಅವರಿಗೆ ನನ್ನಷ್ಟೇ ಚೆನ್ನಾಗಿ ಗೊತ್ತು. ಆದರೆ ಇದನ್ನು ಕೇಳಿ ಕೆಂಡಾಮಂಡಲವಾದರು.

"ಅಲ್ಲ ಕಣೇ, ಸುಳ್ಳು ಹೇಳೋಕೆ ನಿಂಗೆ ಆ ದೇವ್ರೇ ಬೇಕಾಗಿತ್ತಾ? ಹೆಸರಲ್ಲೇ ಸತ್ಯ ಅಂತ ಇಟ್ಕೊಂಡಿದಾನೆ ಅವ್ನು! ಹಲ್ಲುನೋವು ಅಂದಿದ್ರೆ ಆಗ್ತಿರ್ಲಿಲ್ವಾ?"

"ಹಲ್ಲುನೋವಿಗೆ ರೇಷ್ಮೆ ಸೀರೆ ಉಟ್ಕೊಂಡು ಹೋಗ್ತಾರಾ ಅತ್ತೆ?"

"ಪೂಜೆ ಇಲ್ದೆ ಪ್ರಸಾದ ಅಂತ ನಾನಂತೂ ಮಾಡ್ಕೊಡಲ್ಲ," ಎಂದು ಒಳಗೆ ಹೋದರು. ಹೋಟೆಲಿನಿಂದ ಕೇಸರಿಭಾತು ಕಟ್ಟಿಸಿಕೊಂಡು ಹೋದರಾಯಿತು ಎಂದುಕೊಂಡು ನಾನೂ ಸುಮ್ಮನಾದೆ.

ಇಂಟರ್‌ವ್ಯೂಗೆ ಕರೆದಿದ್ದ ಕೆಂಗೇರಿಯ ಕಂಪನಿ ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಹೊಸ ಕಟ್ಟಡ. ಬಾಗಿಲು ಕಿಟಕಿಗೆ ಬೇಕಾದ ಎಲ್ಲ ಸಾಮಾನು ಮಾಡುತ್ತಾರೆ. ಮಾಲು ಕಳಿಸುವ ವಿಭಾಗ ನೋಡಿಕೊಳ್ಳಲು ಜನ ಬೇಕೆಂದು ಜಾಹೀರಾತು ಹಾಕಿದ್ದರು. ಮಗಳು ಟೈಪ್ ಮಾಡಿಕೊಟ್ಟ ಬಯೋಡೇಟಾದಲ್ಲಿ ನಮ್ಮ ಶೆಡ್ಡಿನ ಹೆಸರು ಹಾಕದೆ, ರಾಜಾಜಿನಗರದ ಒಂದು ಘಟಕ ಎಂದಷ್ಟೇ ಬರೆಸಿದ್ದೆ. ಹೊಸ ಕೆಲಸ ಸಿಗುವುದರೊಳಗೆ ಇದ್ದದ್ದಕ್ಕೂ ಕುತ್ತು ಬಂದರೆ ಏನು ಗತಿ ಎಂಬ ಭಯ. ಎಸಿ ಹಾಕಿದ ಕೋಣೆಯಲ್ಲಿ ತುಂಬಾ ಹೊತ್ತು ಕೂರಿಸಿದರು. ನನ್ನ ಹೂವಿನ ವಾಸನೆ ನನಗೇ ಅತಿಯಾಯಿತು. ಜೊತೆಗೆ ಕಾಯುತ್ತಿದ್ದವರೆಲ್ಲ ಚಿಕ್ಕ ವಯಸ್ಸಿನವರು, ಪ್ಯಾಂಟು ಶರ್ಟು ಹಾಕಿದವರು. ನಾನೊಬ್ಬಳು ಮದುವೆಮನೆಯಿಂದ ದಾರಿ ತಪ್ಪಿ ಬಂದವಳ ಹಾಗೆ ಕೂತಿದ್ದೆ.

ಒಳಗಿದ್ದ ಮ್ಯಾನೇಜರ್ ಒಳ್ಳೆಯ ಮಾತುಗಾರ. ನೀರು ಕೊಡಿಸಿದರು. ಕೇಳಿದ ಪ್ರಶ್ನೆಗಳಿಗೆಲ್ಲ ನಾನು ತಡವರಿಸದೆ ಉತ್ತರ ಕೊಟ್ಟೆ. ಅವರು ತಲೆಯಾಡಿಸುತ್ತಲೂ ಇದ್ದರು. ಕೆಲಸ ಸಿಕ್ಕಿಬಿಟ್ಟಿತು ಎಂದೇ ನಾನು ಅಂದುಕೊಂಡದ್ದು. ಆಮೇಲೆ, "ರಾಜಾಜಿನಗರದಲ್ಲಿ ಯಾವ ಯೂನಿಟ್ ಮೇಡಂ?" ಅಂದರು. ಮುಚ್ಚಿಡುವ ಹಾಗಿರಲಿಲ್ಲ, ಹೇಳಿದೆ.

"ಓ, ಅಲ್ಲಿಂದಾನಾ? ಹಂಗಾದ್ರೆ ನಿಮಗೆ ಗೊತ್ತಿರ್ಬೇಕಲ್ಲ. ನಿಮ್ಮ ಮೆಷಿನ್ ಎಲ್ಲಾ ತಗೋತಾ ಇರೋದು ನಾವೇ. ಮುಂದಿನ ತಿಂಗಳು ಲಿಫ್ಟ್ ಮಾಡ್ತಾ ಇದೀವಿ."

"ಗೊತ್ತು ಸಾರ್," ಅಂದೆ. ಯಾಕೆ ಹಾಗೆ ಅಂದೆನೋ. ನಮ್ಮ ಶೆಡ್ಡಿನ ಸಾವಿನ ಸುದ್ದಿ ಹೊರಗಿನವರ ಬಾಯಲ್ಲಿ ಮೊದಲು ಕೇಳುತ್ತಿದ್ದೇನೆ ಎಂದು ತೋರಿಸಿಕೊಳ್ಳಲು ನಾಚಿಕೆಯಾಯಿತು.

ಅವರು ಕುರ್ಚಿಗೆ ಒರಗಿದರು. "ನೋಡಿ ಮೇಡಂ, ಓಪನ್ ಆಗಿ ಹೇಳ್ತೀನಿ. ನಿಮ್ಮ ಓನರ್ ಜೊತೆ ಮಾತಾಗಿರೋದು ಮೆಷಿನ್ ಮಾತ್ರ, ಜನ ಬೇಡ ಅಂತ. ನಿಮ್ಮೊಬ್ಬರನ್ನ ತಗೊಂಡ್ರೆ ನಾಳೆ ಎಲ್ಲರೂ ಗೇಟ್ ಹತ್ರ ಬಂದು ನಿಲ್ತಾರೆ. ನೀವು ಒಳ್ಳೆ ಕ್ಯಾಂಡಿಡೇಟೇ. ಆದ್ರೆ ಬೇಡ."

ಮೆಟ್ರೊದಲ್ಲಿ ಕಿಟಕಿ ಪಕ್ಕ ಕೂತು ವಾಪಸ್ ಬಂದೆ. ಅಳು ಬರಲಿಲ್ಲ, ಸಿಟ್ಟು ಬಂತು. ಮೆಷಿನ್ ಬೇಕಂತೆ, ಅದರ ಮುಂದೆ ಕೂತು ಸವೆದವರು ಬೇಡವಂತೆ. ಆಮೇಲೆ ಪಾಲಿಷ್ ಅಣ್ಣನ ನೆನಪಾಯಿತು. ಕಾಮಾಕ್ಷಿಪಾಳ್ಯದ ಅಂಗಡಿಗೆ ಅವರು ಉತ್ತರ ಹೇಳಬೇಕಾದದ್ದು ಮಾರನೆ ದಿನವೇ. ನನ್ನದಂತೂ ಮುಗಿಯಿತು, ಅವರನ್ನಾದರೂ ಕಳಿಸಬೇಕು ಎಂದು ನಿರ್ಧಾರ ಮಾಡಿದೆ. ಆದರೆ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಏನು ಹೇಳುವುದು? ನಾನು ಆ ದಿನ ಪೂಜೆಯಲ್ಲಿದ್ದೆನಲ್ಲ.

ಮನೆಯಲ್ಲಿ, "ಯೋಚನೆ ಮಾಡಿ ಹೇಳ್ತಾರಂತೆ" ಎಂದೆ. ಅತ್ತೆಯ ಮುಖ ನೋಡಿಕೊಂಡು ನಿಜ ಹೇಳಲಾಗಲಿಲ್ಲ. ಬೆಳಗ್ಗೆ ಏಳುವ ಹೊತ್ತಿಗೆ ಮನೆಯೆಲ್ಲ ತುಪ್ಪದಲ್ಲಿ ರವೆ ಹುರಿದ ಘಮ. ಅತ್ತೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ಬಾಳೆಹಣ್ಣು ಹಾಕಿ ಸಜ್ಜಿಗೆ ಮಾಡಿದ್ದರು. ದೇವರ ಮುಂದೆ ಇಟ್ಟು ತುಳಸಿ ಹಾಕಿ, "ತಪ್ಪು ಅವಳದಲ್ಲಪ್ಪ, ಹೊಟ್ಟೆದು. ಆ ಕೆಲಸ ಒಂದು ಅವಳಿಗೆ ಮಾಡ್ಕೊಡು" ಎಂದು ಗಟ್ಟಿಯಾಗಿಯೇ ಕೇಳಿಕೊಂಡರು. ನಾನು ಬಚ್ಚಲುಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆಗಲೇ ಇಲ್ಲವೆಂದಾಗಿದ್ದ ಕೆಲಸಕ್ಕೆ ಅವರು ಬೇಡಿಕೊಳ್ಳುತ್ತಿದ್ದರು. ದೊಡ್ಡ ಡಬ್ಬಿಗೆ ತುಂಬಿ ಕೈಗೆ ಕೊಟ್ಟಾಗ ಅದಿನ್ನೂ ಬಿಸಿಯಿತ್ತು.

ಶೆಡ್ಡಿನಲ್ಲಿ ಮೊದಲು ಯಜಮಾನರಿಗೆ ಕೊಟ್ಟೆ. ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಪೂಜೆ ಚೆನ್ನಾಗಾಯ್ತಾ?"

"ಚೆನ್ನಾಗಾಯ್ತು ಸಾರ್. ಇಲ್ಲಿ ಎಲ್ಲಾ ಸರಿ ಇತ್ತಾ?"

"ಎಲ್ಲಾ ಸರಿ ಇದೆ," ಅಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಇನ್ನೊಂದು ಸ್ವಲ್ಪ ಹಾಕಿ ಎಂದು ಕೈ ಚಾಚಿದರು, ಹಾಕಿದೆ.

ಪಾಲಿಷ್ ಅಣ್ಣ ನಲ್ಲಿಯ ಹತ್ತಿರ ಕೈ, ಬಾಯಿ, ಮೀಸೆ ಎಲ್ಲ ತೊಳೆದುಕೊಂಡು ಬಂದು ತೆಗೆದುಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದರು. ಆಗಲೇ ಹೇಳಬಹುದಿತ್ತು. ಎಲ್ಲರೂ ತಿಂದು ಮುಗಿಸಲಿ, ಡಬ್ಬಿ ಖಾಲಿಯಾಗಲಿ, ಟೀ ಹೊತ್ತಿಗೆ ಪಕ್ಕಕ್ಕೆ ಕರೆದು ಹೇಳಿದರಾಯಿತು ಎಂದುಕೊಂಡೆ. ಬಾಯಲ್ಲಿ ಪ್ರಸಾದ ಇರುವಾಗ ಅಂಥ ಮಾತು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅಷ್ಟು ಹೊತ್ತಿಗೆ ಅವರು ಫೋನ್ ಹಿಡಿದು ಜಿಮ್ಮಿನ ಗೋಡೆಯ ಕಡೆಗೆ ಹೋಗಿ ಮಾತಾಡಿ ಬಂದಿದ್ದರು. ಮುಖ ಹಗುರವಾಗಿತ್ತು.

"ಹೇಳೇಬಿಟ್ಟೆ ನೋಡ್ರಿ ಅಕ್ಕಾರ. ನಾ ಬರಂಗಿಲ್ಲ, ಬ್ಯಾರೆಯವರ್ನ ನೋಡ್ಕೋರಿ ಅಂದೆ. ಎರಡು ಮನಸಿನ್ಯಾಗ ಇದ್ದೆ. ಪ್ರಸಾದ ಬಾಯಾಗ ಬಿದ್ದ ಮ್ಯಾಲೆ ಮನಸು ಗಟ್ಟಿ ಆತು. ಇಲ್ಲೇ ಇರೂದು."

ಅವರನ್ನು ಕೈ ಹಿಡಿದೇ ಗೋದಾಮಿನ ಹಿಂದಕ್ಕೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ನಿನ್ನೆ ನಾನು ಕೆಂಗೇರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಮೆಷಿನ್ ಮಾರಿಹೋಗಿದೆ. ಮುಂದಿನ ತಿಂಗಳು ಲಾರಿ ಬರುತ್ತದೆ. ಅವರಿಗೆ ನಮ್ಮಲ್ಲಿ ಯಾರೂ ಬೇಡ, ನಾನೂ ಬೇಡ. ಈಗಲೇ ಆ ಅಂಗಡಿಗೆ ಮತ್ತೆ ಫೋನ್ ಮಾಡಿ, ಬರ್ತೀನಿ ಅನ್ನಿ. ನಮ್ಮನೇಲಿ ಪೂಜೆಯೇ ಆಗಿಲ್ಲ, ಅದು ಪ್ರಸಾದವೂ ಅಲ್ಲ.

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ನಿಧಾನಕ್ಕೆ ಕೇಳಿದರು.

"ಮಾಡಿದವರು ಯಾರ್ರಿ?"

"ನಮ್ಮತ್ತೆ."

"ಜಳಕಾ ಮಾಡಿ ಮಾಡಿದ್ರೇನು? ದೇವರ ಮುಂದ ಇಟ್ಟಿದ್ರೇನು?"

"ಇಟ್ಟಿದ್ರು."

"ಹಂಗಾದ್ರ ಅದು ಪ್ರಸಾದನ ಆತಲ್ರೀ. ಪ್ರಸಾದ ತಿಂದು ಬರಂಗಿಲ್ಲ ಅಂದೀನಿ. ಈಗ ಮತ್ತ ಹೆಂಗ ತಿರುಗಿ ಬರ್ತೀನಿ ಅನ್ಲಿ?"

ನಾನು ಬೇಡಿಕೊಂಡೆ. ಜಗಳವಾಡಿದೆ. ನಿಮ್ಮ ಮಕ್ಕಳ ಮುಖ ನೋಡಿ ಎಂದೆ. ಕೊನೆಗೆ ನನ್ನ ಸಮಾಧಾನಕ್ಕೆಂದೇ ಅವರು ಫೋನ್ ಮಾಡಿದರು. ಅಂಗಡಿಯವರು ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ಅಣ್ಣ ಫೋನ್ ಜೇಬಿಗಿಟ್ಟುಕೊಂಡು, "ನೋಡ್ರಿ, ಹೋಗ್ಲಿ ಬಿಡ್ರಿ" ಎಂದು ನನಗೇ ಧೈರ್ಯ ಹೇಳಿ ಚಕ್ರದ ಮುಂದೆ ಹೋಗಿ ಕೂತರು. ಪೂಜೆಯೇ ಆಗಿರಲಿಲ್ಲವೆಂದು ಅವರು ಯಾರಿಗೂ ಹೇಳಲಿಲ್ಲ. ನನ್ನ ಮಾನ ಉಳಿಸಲು ಹೇಳಲಿಲ್ಲವೆಂದು ನನಗೆ ಗೊತ್ತು.

ಲಾರಿ ಬಂದಾಗ ಯಜಮಾನರು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಎಲ್ಲರ ಲೆಕ್ಕವನ್ನೂ ಹಿಂದಿನ ದಿನವೇ ಚುಕ್ತಾ ಮಾಡಿ, ನನ್ನೆದುರು ಕಣ್ಣು ಒರೆಸಿಕೊಂಡಿದ್ದರು. ನಾನು ನನ್ನ ಕೈಯಾರೆ ಕೆಂಗೇರಿಯ ಕಂಪನಿ ಹೆಸರಿಗೆ ಬಿಲ್ಲು ಬರೆದೆ. ಎತ್ತಿ ಹಾಕುವ ಕೂಲಿಯವರು ಬಂದಿದ್ದರೂ ಪಾಲಿಷ್ ಮೋಟಾರನ್ನು ಅಣ್ಣ ಮುಟ್ಟಗೊಡಲಿಲ್ಲ. ತಾವೇ ಬೋಲ್ಟ್ ಬಿಚ್ಚಿ, ಗೋಣಿ ಸುತ್ತಿ, ಅಲ್ಲಾಡದ ಹಾಗೆ ಕಟ್ಟಿದರು. ಆಮೇಲೆ ಡ್ರೈವರ್ ಹತ್ತಿರ ಹೋಗಿ ನಿಂತರು. ಜನ ಬೇಡವಂತೆ ಎಂದು ಅವರಿಗೆ ನಾನೇ ಬಾಯಿಬಿಟ್ಟು ಹೇಳಿದ್ದೆ. ಆದರೂ ಕೇಳಿದರು.

"ಅಣ್ಣಾರ, ಇದರ ಮುಂದ ಕೂಡ್ರಾಕ ಅಲ್ಲಿ ಯಾರರ ಬೇಕಾಗ್ಯಾರೇನ್ರಿ?"

"ನಂಗೇನ್ ಗೊತ್ತು ಗುರುವೇ, ನಾನು ಬಾಡಿಗೆ ಗಾಡಿಯವ್ನು," ಅಂದ ಅವನು.

"ಹೌದಲ್ಲ," ಎಂದು ಅಣ್ಣ ನನ್ನ ಕಡೆ ತಿರುಗಿ ನಕ್ಕರು. ನಾನು ಬಿಲ್ಲನ್ನು ಡ್ರೈವರ್ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡೆ.