ಕೂರಬಾರದ ಕುರ್ಚಿ

ಈಗೆಲ್ಲ ಅಕ್ಕಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಮೊನ್ನೆ ಅಂಗಡಿಯವನು ಯಾಕೋ ಗೋಣಿಚೀಲದಲ್ಲಿ ಕೊಟ್ಟ. ಅಕ್ಕಿಯನ್ನು ಡಬ್ಬಿಗೆ ಸುರಿದು ಚೀಲ ಕೊಡವಿದೆ ನೋಡಿ, ಆ ಧೂಳು, ಆ ಸೆಣಬಿನ ವಾಸನೆ! ನಮ್ಮ ಮನೆಯವರು ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತಂತಾಯಿತು. ಅವರು ತೀರಿಕೊಂಡು ಎರಡು ವರ್ಷವಾಗಿದೆ.

ಕಾಚಿಗೂಡ ಸ್ಟೇಷನ್ನಿನ ಹಿಂದಿದ್ದ ಕಲ್ಲಿನ ಗೋದಾಮಿನಲ್ಲಿ ಅವರು ಕಾವಲುಗಾರರಾಗಿದ್ದರು. ನಿಜಾಮರ ಕಾಲದ ಕಟ್ಟಡ. ಒಳಗೆ ಅಕ್ಕಿ, ಬೆಲ್ಲ, ಹುಣಸೆ. ಮಧ್ಯಾಹ್ನ ಊಟವಾದ ಮೇಲೆ ಚೀಲಗಳಿಗೆ ಒರಗಿ ಒಂದು ನಿದ್ದೆ ತೆಗೆಯುತ್ತಿದ್ದರು. ಮಾಲೀಕರಿಂದ ಬೈಸಿಕೊಂಡಿದ್ದೆಲ್ಲ ಆ ನಿದ್ದೆಗೇ.

ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಒಂದು ವಿಶ್ವವಿದ್ಯಾಲಯದವರು ಗೋದಾಮನ್ನು ಕೊಂಡು, ವಿನ್ಯಾಸ ಕಲಿಸುವ ಕೇಂದ್ರ ಮಾಡಲು ಹೊರಟರು. ಕಟ್ಟಡದ ಜೊತೆಗೆ ಕಾವಲುಗಾರನನ್ನೂ ಇಟ್ಟುಕೊಂಡರು. ಮೊದಲು ಮಾಡಿದ ಕೆಲಸವೆಂದರೆ, ಹಳೆಯ ಕಲ್ಲು ಕಾಣಲೆಂದು ಗೋಡೆ ಕೆರೆಸಿದ್ದು.

"ವರ್ಷಾ ವರ್ಷಾ ನಾ ನಿಂತು ಸುಣ್ಣ ಹಚ್ಚಿಸಿದ್ದೆ. ಅದನ್ನ ಕೆರಸಾಕತ್ತಾರ. ಓದಿದವರ ಕೆಲಸ ಭಾಳ ಚಂದ ಇರತೈತಿ ನೋಡು" ಎಂದು ಇವರು ಮನೆಗೆ ಬಂದು ನಕ್ಕರು.

ಅಲ್ಲಿಗೆ ಓದಲು ಬಂದವಳು ಮೈಸೂರಿನ ಸಿಂಚನಾ. ಪರೀಕ್ಷೆಗೆ ಆಕೆ ಒಂದು ಕುರ್ಚಿ ಮಾಡಬೇಕಿತ್ತು. ಉಳಿದಿದ್ದ ಚೀಲಗಳಿಗೆ ಒರಗಿ ಮಲಗಿದ್ದ ಇವರನ್ನು ಒಮ್ಮೆ ನೋಡಿದ್ದಳಂತೆ.

"ಅಂಕಲ್, ನೀವು ಮಲಗೋ ಥರಾನೇ ಕುರ್ಚಿ ಮಾಡ್ತೀನಿ. ನಾಳೆ ಕ್ಲಾಸಲ್ಲಿ ಬಂದು ಮಲಗಿ, ಪ್ಲೀಸ್."

"ಡ್ಯೂಟಿ ಮ್ಯಾಲ ನಿದ್ದಿ ಮಾಡಿದ್ರ ಬೈಯೋದಿಲ್ಲೇನವಾ?"

"ಸರ್ ಪರ್ಮಿಷನ್ ಕೊಟ್ಟಿದಾರೆ."

ಪರ್ಮಿಷನ್ ಬಂತು, ನಿದ್ದೆ ಹೋಯಿತು. ಅಷ್ಟರಲ್ಲಿ ಹಳೆಯ ಚೀಲಗಳನ್ನು ಸಾಗಿಸಿಬಿಟ್ಟಿದ್ದರು. ಹುಡುಗರು ಹೊಸ ಚೀಲಗಳಿಗೆ ಥರ್ಮೋಕೋಲ್ ತುಂಬಿ ತಂದರೆ, ಒರಗಿದಾಗೆಲ್ಲ ಕಿರ್ರ್ ಎನ್ನುತ್ತಿತ್ತು. ಹೊರಗೆ ನಿಜವಾದ ರೈಲು ಓಡುತ್ತಿರುವಾಗ ಒಳಗೊಬ್ಬ ಇವರಿಗೆ ನಿದ್ದೆ ಬರಲೆಂದು ಕಂಪ್ಯೂಟರಿನಲ್ಲಿ ರೈಲಿನ ಸದ್ದು ಹಾಕಿದನಂತೆ. ನನಗೋ ಹುಡುಗಿಯ ಚಿಂತೆ.

"ಮನಿಯಾಗರ ಸ್ವಲ್ಪ ರೂಢಿ ಮಾಡ್ಕೋರಿ. ಪಾಪ, ಆಕಿ ಮಾರ್ಕ್ಸ್ ಹೋಗತಾವ" ಎಂದೆ.

"ನಿದ್ದಿಗೂ ಟ್ಯೂಷನ್ ಹಚ್ಚಿಬಿಡು ಹಂಗಾರ."

ಕೊನೆಗೆ ಮೈಯ ಅಚ್ಚು ಬೀಳಲೆಂದು ಚೀಲಗಳಿಗೆ ಹಸಿ ಜೇಡಿಮಣ್ಣು ತುಂಬಿದರು. ಬೇಸಿಗೆಯ ಮಧ್ಯಾಹ್ನ, ಬೆನ್ನಿಗೆ ತಂಪು. ಮೇಷ್ಟ್ರು ಕೂರುವ ಬಗೆಗಳ ಮೇಲೆ ಪಾಠ ಶುರು ಮಾಡಿದ್ದರು. ಇವರು ಗೊರಕೆ ಹೊಡೆದರು. ಇಡೀ ಕ್ಲಾಸು ಸಂತೋಷದಿಂದ ಉಸಿರು ಬಿಗಿಹಿಡಿಯಿತಂತೆ. ಮೇಷ್ಟ್ರು ಮಾತ್ರ ಪಿಸುಮಾತಿನಲ್ಲೇ ಪಾಠ ಮುಂದುವರಿಸಿದರಂತೆ. ಸಂಜೆ ಇವರು ಬೆನ್ನ ತುಂಬ ಮಣ್ಣು ಮೆತ್ತಿಕೊಂಡು, ಅರ್ಧ ಮಾಡಿಟ್ಟ ಗಣಪತಿಯಂತೆ ಮನೆಗೆ ಬಂದರು.

ಮರುದಿನ ಸಿಂಚನಾ ಚಿತ್ರ ಹಿಡಿದು ಬಂದಳು. "ಆಂಟಿ, ಎಲ್ಲಾ ಸರಿಯಾಗಿ ಬಂತು. ಅಂಕಲ್ ಮಲಗಿದಾಗ ಎಡಗೈನ ಯಾಕೆ ಹೀಗೆ ಏನನ್ನೋ ಬಳಸಿ ಹಿಡಿದ ಹಾಗೆ ಇಟ್ಕೋತಾರೆ?"

ನನಗೆ ಗೊತ್ತಿತ್ತು. ಮದುವೆಯಾದಾಗಿನಿಂದ ನಾನು ತಲೆಯಿಟ್ಟು ಮಲಗಿದ ಕೈ ಅದು. ಮಗಳಂಥವಳ ಮುಂದೆ ಹೇಗೆ ಹೇಳುವುದು, ನೀವೇ ಹೇಳಿ! "ಏನೋ ರೂಢಿ ಇರಬೇಕವಾ" ಎಂದು ಒಳಗೆ ಹೋದೆ. ಅದು ಚಹಾ ಕಪ್ ಇಡುವ ಜಾಗವೆಂದು ಆಕೆ ತೀರ್ಮಾನಿಸಿ, ಆ ಕೈಯಿಂದ ಮಣ್ಣಿನಲ್ಲಿ ಬಿದ್ದಿದ್ದ ಗುಳಿಯನ್ನು ಕುರ್ಚಿಯಲ್ಲೂ ಹಾಗೇ ಉಳಿಸಿದಳು.

ಕುರ್ಚಿಗೆ ಬಹುಮಾನ ಬಂತು. ಅದನ್ನು ಹಾಲ್‌ನಲ್ಲಿಟ್ಟು, ಸುತ್ತ ಕೆಂಪು ಹಗ್ಗ ಕಟ್ಟಿ, 'ಕೂರಬಾರದು' ಎಂದು ಬೋರ್ಡು ಹಾಕಿದರು. ಯಾರೂ ಕೂರದಂತೆ ಕಾಯುವ ಕೆಲಸ ಇವರದೇ.

"ನನ್ನ ನಿದ್ದಿಗೆ ನಾನ ಕಾವಲು" ಎನ್ನುತ್ತಿದ್ದರು.

ಅವರು ಹೋದಾಗ ಹಾಲ್‌ನಲ್ಲಿ ಸಂತಾಪ ಸಭೆ ಮಾಡಿ ಕುರ್ಚಿಗೆ ಹಾರ ಹಾಕಿದರು. ಅದರಲ್ಲಿ ಒಂದು ಸಲ ಕೂರುತ್ತೇನೆ ಎಂದು ಮೇಷ್ಟ್ರನ್ನು ಕೇಳಿಕೊಂಡೆ. ಅವರು ಕಣ್ಣೊರೆಸಿಕೊಂಡು, "ಕಮಿಟಿ ಮುಂದೆ ಇಡೋಣ ಅಮ್ಮಾ" ಎಂದರು. ಕಮಿಟಿಯಿಂದ ಉತ್ತರ ಬರಲಿಲ್ಲ. ಮನೆಯಲ್ಲಿ ಯಾವ ದಿಂಬಿಟ್ಟುಕೊಂಡರೂ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ.

ಮೊನ್ನೆ ಚೀಲ ಕೊಡವಿದ ಕೈಯಲ್ಲೇ ಅಲ್ಲಿಗೆ ಹೋದೆ. ಹೊಸ ಕಾವಲುಗಾರ ಪಾಷಾ ಭಾಯಿಗೆ ನಾನು ಯಾರೆಂದು ಹೇಳಿದೆ. ಆತ ಅತ್ತಿತ್ತ ನೋಡಿ ಹಗ್ಗ ಬಿಚ್ಚಿದ.

"ಬೈಠೋ ಅಮ್ಮಾ. ಸಾಬ್ ಲೋಗಾಂ ಮೀಟಿಂಗ್ ಮೆ ಹೈಂ."

"ಏನು ಮೀಟಿಂಗ್?"

"ಕುರ್ಸೀಚ್ ಕಾ ಮೀಟಿಂಗ್." ಈ ಕುರ್ಚಿಯ ಬಗ್ಗೆಯೇ ಮೀಟಿಂಗಂತೆ.

ಕೂತೆ. ಅಗಲ ಹೆಚ್ಚು, ಕಾಲು ನೆಲಕ್ಕೆ ಎಟುಕಲಿಲ್ಲ. ಮೆಲ್ಲಗೆ ತಲೆಯನ್ನು ಎಡಕ್ಕೆ ವಾಲಿಸಿದೆ. ಚಹಾ ಕಪ್ಪಿನ ಗುಳಿಯಲ್ಲಿ ಅದು ಸರಿಯಾಗಿ ಕೂತಿತು.

ಕಣ್ಣು ತೆರೆದಾಗ ಸುತ್ತ ಹುಡುಗ ಹುಡುಗಿಯರು ನೆಲದ ಮೇಲೆ ಕೂತು ನನ್ನ ಚಿತ್ರ ಬರೆಯುತ್ತಿದ್ದರು. ಗಾಬರಿಯಿಂದ ಏಳಹೋದೆ.

"ಆಂಟಿ, ಹಾಗೇ ಇರಿ, ಇನ್ನೈದು ನಿಮಿಷ" ಎಂದಳು ಕನ್ನಡದ ಹುಡುಗಿಯೊಬ್ಬಳು. "ತಲೆ ಮಾತ್ರ ಸ್ವಲ್ಪ ಈಚೆ ತಗೊಳ್ಳಿ. ಅದು ಕಪ್ ಇಡೋ ಜಾಗ."

"ಅಲ್ಲವಾ, ಅದು ಕಪ್ಪಿಗಲ್ಲ" ಎಂದೆ.

"ಮತ್ತೆ ಯಾತಕ್ಕೆ?"

ತಲೆ ಎತ್ತದೆ ಹೇಳಿದೆ. ಪೆನ್ಸಿಲುಗಳ ಸದ್ದು ನಿಂತಿತು.