ಕಣದಮನೆ ಶಿವಶಂಕರಪ್ಪನ ಬಳಗ

ಶಿವಶಂಕರಪ್ಪ ಕುಡಿದು ಮನೆ ಹಾಳು ಮಾಡಿದವನಲ್ಲ. ಇಸ್ಪೀಟು ಮುಟ್ಟಿದವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಶನಿವಾರಸಂತೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಪಾಪದ ಮನುಷ್ಯ ಎನ್ನುತ್ತಾರೆ. ಅಂಥವನು ತನ್ನ ಒಬ್ಬಳೇ ಮಗಳ ಬದುಕಿಗೆ ಕೈಯಾರೆ ಕಲ್ಲು ಹಾಕಿದ. ಹೇಗೆ ಅಂತೀರಿ? ಮೈಕ್ ಮುಂದೆ ನಿಂತು ಒಂದು ಕಥೆ ಹೇಳಿ.

ಅವನದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಸಂತೆಮಾಳಕ್ಕೆ ಹೋಗುವ ದಾರಿಯಲ್ಲಿ, ಗೊಬ್ಬರದ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿದೆ. ದೇವರ ಪಟ, ಸತ್ತವರ ಪಟ, ಮದುವೆಯ ಪಟ, ಬಂದದ್ದಕ್ಕೆಲ್ಲ ಗಾಜು ಕೊಯ್ದು ಕಟ್ಟು ಹಾಕಿಕೊಡುವುದು ಅವನ ಕಸುಬು. ಆದರೆ ಅಂಗಡಿಯ ಗೋಡೆ ತುಂಬ ನೇತಾಡುತ್ತಿದ್ದದ್ದು ಮಾರುವ ಪಟಗಳಲ್ಲ. ಪೇಪರಿನಿಂದ ಕತ್ತರಿಸಿದ ದೊಡ್ಡ ಮನುಷ್ಯರು. ಎದೆ ತುಂಬ ಪದಕ ಹಾಕಿಕೊಂಡ ಕರ್ನಲ್ ಕಣದಮನೆ ಅನಿಲ್‌ಕುಮಾರ್. ಮೈಸೂರಿನ ಹೃದಯದ ಡಾಕ್ಟರು ಕಣದಮನೆ ಅಮೃತಾ. ಹಾಕಿಯಲ್ಲಿ ರಾಜ್ಯಕ್ಕೆ ಗೋಲ್ ಕಾಯ್ದ ಕಣದಮನೆ ಮಿಲನ್. ಕಾಫಿ ಗಿಡದ ಕಾಂಡಕೊರಕ ಹುಳದ ಬಗ್ಗೆ ಹೊರದೇಶದಲ್ಲಿ ಭಾಷಣ ಮಾಡಿ ಬಂದ ವಿಜ್ಞಾನಿಯೊಬ್ಬರು, ನಾಟಕದ ಹಾಡಿಗೆ ಪ್ರಶಸ್ತಿ ತೆಗೆದುಕೊಂಡ ಮುದುಕರೊಬ್ಬರು. ಎಲ್ಲರೂ ಕಣದಮನೆ. ಗಾಜು ಕೊಯ್ಯುವ ಶಿವಶಂಕರಪ್ಪನೂ ಕಣದಮನೆ.

"ಇವ್ರೆಲ್ಲ ನಿಮ್ಗೆ ಏನಾಗ್ಬೇಕು ಶಂಕ್ರಪ್ಪ?" ಎಂದು ಗಿರಾಕಿ ಕೇಳಬೇಕಷ್ಟೆ.

"ನಮ್ಮೋರೇ ಕಣಯ್ಯ, ಇನ್ನೇನಾಗ್ಬೇಕು!" ಎಂದು ಶುರುಮಾಡಿದರೆ ಪಟ ತಂದವನು ಬಸ್ ತಪ್ಪಿಸಿಕೊಳ್ಳಬೇಕು, ಹಾಗೆ ಮಾತಾಡುತ್ತಿದ್ದ.

ಹೆಂಡತಿ ಸುಲೋಚನಮ್ಮ ಬುತ್ತಿ ತಂದಾಗ ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದಳು. "ಅಲ್ರೀ, ಆ ಕರ್ನಲ್ ಸಾಹೇಬ್ರು ಎದುರಿಗೆ ಬಂದ್ರೆ ನಿಮ್ಮ ಗುರುತು ಹಿಡೀತಾರೇನ್ರಿ? ಸುಮ್ನೆ ಕೊಚ್ಕೋತೀರಲ್ಲ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಗೋಡೆಯ ಮೇಲಿನ ಒಬ್ಬರಿಗೂ ಅವನ ಪರಿಚಯ ಇರಲಿಲ್ಲ. ಹೆಸರಿನ ಗುಟ್ಟೂ ಅವನಿಗೆ ಗೊತ್ತಿತ್ತು. ಹಿಂದೆ ಊರಿಗೊಂದು ಕಣ ಇರುತ್ತಿತ್ತು, ಭತ್ತ ಬಡಿಯಲು, ಒಕ್ಕಲು. ಕಣದ ಪಕ್ಕದಲ್ಲಿ ಯಾರದೋ ಮನೆ ಇದ್ದೇ ಇರುತ್ತಿತ್ತು. ಆ ಮನೆಯವರನ್ನು ಊರವರು ಕಣದಮನೆಯವರು ಎಂದರು, ಹೆಸರು ಹಾಗೇ ಅಂಟಿಕೊಂಡಿತು. ಹತ್ತೂರಲ್ಲಿ ಹತ್ತು ಕಣದಮನೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಅವನ ಅಜ್ಜನೇ ಹೇಳಿದ್ದ ಇದನ್ನು. ಆದರೆ ಶಿವಶಂಕರಪ್ಪ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರಿದವನ ಮಗ, ಎಸ್ಸೆಲ್ಸಿ ಫೇಲಾದವನು, ಊರಿನ ಒಂದು ಸಭೆಯಲ್ಲೂ ಯಾರಿಂದಲೂ ವೇದಿಕೆಗೆ ಕರೆಸಿಕೊಳ್ಳದವನು. ಪೇಪರಿನಲ್ಲಿ ತನ್ನ ಮನೆಹೆಸರು ಅಚ್ಚಾದಾಗಲೆಲ್ಲ ಎದೆ ಉಬ್ಬುತ್ತಿತ್ತು. ಅದರಲ್ಲಿ ಯಾರಿಗೇನು ನಷ್ಟ, ಹೇಳಿ!

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ಕಣದಮನೆಯವರನ್ನೆಲ್ಲ ಒಂದು ಕಡೆ ಸೇರಿಸಬೇಕು ಎಂಬ ಹುಚ್ಚು ಹತ್ತಿತು. ನಂಬರು ಹುಡುಕಿ ಹುಡುಕಿ ಫೋನ್ ಮಾಡಿದ, ವಾಟ್ಸಾಪಿನಲ್ಲಿ ಗುಂಪು ಕಟ್ಟಿದ, ಕೊಡ್ಲಿಪೇಟೆಯ ಕಲ್ಯಾಣ ಮಂಟಪ ಗೊತ್ತುಮಾಡಿದ. ಜನ ಬಂದೇಬಿಟ್ಟರು! ಕರ್ನಲ್ಲರು ಕಾರಿನಲ್ಲಿ ಬಂದರು, ವಿಜ್ಞಾನಿ ಬಂದರು, ಮಿಲನ್ ಟ್ರ್ಯಾಕ್ ಸೂಟಿನಲ್ಲಿ ಬಂದ. ತೆಂಕಣ ಕೊಡಗಿನ ಬಿಟ್ಟಂಗಾಲದಿಂದ ಪುಟ್ಟಬಸಪ್ಪ ಎಂಬ ಎಸ್ಟೇಟಿನ ಆಳುಗಳ ಲೆಕ್ಕ ಬರೆದು ನಿವೃತ್ತನಾದ ರೈಟರ್ ಹೆಂಡತಿ, ಮಗನನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದಿದ್ದ. ಮಗನ ಹೆಸರು ಕೀರ್ತಿಕುಮಾರ್. ಅಮ್ಮತ್ತಿಯ ಹತ್ತಿರ ಒಂದು ಎಸ್ಟೇಟಿನಲ್ಲಿ ಅವನೂ ರೈಟರೇ.

ಬಂದವರು ತಿಂಡಿ ತಿಂದು ಸುಮ್ಮನೆ ಕೂತರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ಏನು ಮಾತಾಡಬೇಕೋ ತಿಳಿಯದು. ಕರ್ನಲ್ಲರು ಗಡಿಯಾರ ನೋಡಿಕೊಳ್ಳತೊಡಗಿದರು. ಯಾರೋ ಒಬ್ಬರು ಎದ್ದು, "ಎಲ್ಲಾ ಸರಿ, ನಾವು ಒಬ್ರಿಗೊಬ್ರು ಏನಾಗ್ಬೇಕು ಅಂತ ಹೇಳಿಬಿಡಿ" ಎಂದರು.

ಶಿವಶಂಕರಪ್ಪ ಮೈಕ್ ಹಿಡಿದ. ಏನೂ ಆಗಬೇಕಾಗಿಲ್ಲ ಎಂದರೆ ಇವರೆಲ್ಲ ಊಟ ಮಾಡಿ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳುತ್ತ ಹೋದ. ಹೇಮಾವತಿಯ ಆಚೆ ಒಂದು ಊರು, ಪಾಳೇಗಾರನ ಕಾಟ. ಮೂವರು ಅಣ್ಣತಮ್ಮಂದಿರು ತಾಯಿಯ ಗದ್ದುಗೆಯ ಮಣ್ಣನ್ನು ಪಂಚೆಯ ಅಂಚಿಗೆ ಕಟ್ಟಿಕೊಂಡು ಹೊಳೆ ದಾಟಿದರು. ಹಿರಿಯವನು ಈ ಸೀಮೆಯಲ್ಲಿ ನಿಂತ. ನಡುವಿನವನು ಅರಕಲಗೂಡಿನ ಕಡೆ ನಡೆದ. ಕಿರಿಯವನು ತೆಂಕಲಿಗೆ ಹೋದ, ಅವನ ಸುದ್ದಿ ಮತ್ತೆ ಬರಲಿಲ್ಲ. "ಆ ಕಿರೀ ಮಗನ ಮಕ್ಳು ಎಲ್ಲಿದಾರೋ, ಹೆಂಗಿದಾರೋ ಅಂತ ನಮ್ಮಜ್ಜಿ ಸಾಯೋ ತನಕ ಕೊರಗ್ತಿತ್ತು" ಎಂದು ಮುಗಿಸಿ ಅವನೇ ಕಣ್ಣೊರೆಸಿಕೊಂಡ.

ಹಿಂದಿನ ಸಾಲಿನಲ್ಲಿ ಪುಟ್ಟಬಸಪ್ಪ ಎದ್ದು ನಿಂತ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಾವೇ ಅಣ್ಣ ಅದು" ಎಂದ. "ನಾವೇ. ತೆಂಕ್ಲಿಗೆ ಹೋದೋರು ನಾವೇ."

ಅಬ್ಬಾ, ಆಮೇಲೆ ಆ ಮಂಟಪವನ್ನು ನೋಡಬೇಕಿತ್ತು. ಕರ್ನಲ್ಲರೇ ಇಳಿದು ಬಂದು ಪುಟ್ಟಬಸಪ್ಪನನ್ನು ತಬ್ಬಿಕೊಂಡರು. ದೊಡ್ಡಪ್ಪ, ಚಿಕ್ಕಪ್ಪ, ಅಕ್ಕ, ತಮ್ಮ ಎಂದು ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆಶೀರ್ವಾದಕ್ಕೆಂದು ಬಂದಿದ್ದ ಹಿರಿಯ ಐನೋರು, "ಹಂಗಾದ್ರೆ ಎಲ್ರುದೂ ಒಂದೇ ಬೆಡಗು ಅಂತಾಯ್ತು. ಅಣ್ತಮ್ಮಂದಿರ ಮನೆ" ಎಂದು ವಿಭೂತಿ ಇಟ್ಟರು. ಬೆಡಗು ಒಂದೇ ಎಂದರೆ ರಕ್ತ ಒಂದೇ, ಒಬ್ಬರ ಮನೆಯಿಂದ ಇನ್ನೊಬ್ಬರು ಹೆಣ್ಣು ತರುವಂತಿಲ್ಲ. ಐನೋರ ಮಾತಿಗೆ ಅವತ್ತು ಎಲ್ಲರೂ ಕೈ ಮುಗಿದರು. ಶಿವಶಂಕರಪ್ಪನೂ ಮುಗಿದ.

ಅವನ ಮಗಳು ವಿನುತಾ ಆ ಹೊತ್ತಿಗೆ ಊಟದ ಮನೆಯಲ್ಲಿ ಎಲೆ ಹಾಕುತ್ತಿದ್ದಳು. ಅಮ್ಮತ್ತಿಯ ಶಾಲೆಯೊಂದರಲ್ಲಿ ಟೀಚರು. ಹಿಂದೆ ಹಿಂದೆಯೇ ನೀರು ಬಡಿಸುತ್ತ ಬರುತ್ತಿದ್ದವನು ಕೀರ್ತಿಕುಮಾರ್. ಅಮ್ಮತ್ತಿಯಲ್ಲಿ ಇಬ್ಬರಿಗೂ ಪರಿಚಯವಾಗಿ, ಪರಿಚಯ ಮನಸ್ಸಿಗೆ ಇಳಿದು ಎಷ್ಟೋ ದಿನವಾಗಿತ್ತು, ಮನೆಯವರಿಗೆ ಮಾತ್ರ ಗೊತ್ತಿರಲಿಲ್ಲ. ಕಥೆ ಕೇಳಿ ಅವಳು ನಗು ತಡೆದುಕೊಂಡು, "ನಮ್ಮಪ್ಪ ಬುರುಡೆ ಬಿಡ್ತಿದಾರೆ ಕಣೋ, ತಲೆ ಕೆಡಿಸ್ಕೋಬೇಡ" ಎಂದಳು. ಎಲೆ ಎತ್ತುವ ಹೊತ್ತಿಗೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡಿದ್ದಳು ಹುಡುಗಿ.

ಯಾರೂ ಮರೆಯಲಿಲ್ಲ. ವರ್ಷ ವರ್ಷ ಬಳಗ ಸೇರತೊಡಗಿತು. ಪುಟ್ಟಬಸಪ್ಪ ಹಬ್ಬಕ್ಕೆ ತಪ್ಪದೆ ಅಣ್ಣನ ಮನೆಗೆ ಕಿತ್ತಳೆ, ಕಾಳುಮೆಣಸು ಹೊತ್ತು ತರುತ್ತಿದ್ದ. ಕಳೆದ ಬೇಸಿಗೆಯ ರಜೆಗೆ ಬಂದ ವಿನುತಾ ಹಿತ್ತಿಲಿನಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದಾಗ ಹೇಳಿದಳು. "ನಾನು ಕೀರ್ತೀನ ಮದ್ವೆ ಆಗ್ಬೇಕು ಅಂತಿದೀನಿ. ಬಿಟ್ಟಂಗಾಲದ ಕೀರ್ತಿ."

"ಅಯ್ಯೋ ನಿನ್ನ ಮನೆ ಕಾಯ್ವಾಗ! ಅವ್ನು ಅಣ್ಣ ಆಗ್ಬೇಕಲ್ಲೇ!" ಎಂದು ಸುಲೋಚನಮ್ಮ ಎದೆ ಬಡಿದುಕೊಂಡಳು.

ವಿನುತಾ ಅಮ್ಮನ ಕಡೆ ತಿರುಗಲಿಲ್ಲ. "ಆಗ್ಬೇಕಾ ಅಪ್ಪ? ನಿಜ ಹೇಳು."

"ಇಲ್ಲ ಕಣಮ್ಮ. ಏನೂ ಆಗಲ್ಲ. ಅದೆಲ್ಲ ನಾನೇ ಕಟ್ಟಿದ್ದು" ಎಂದ ಶಿವಶಂಕರಪ್ಪ.

"ಹಾಗಾದ್ರೆ ಹೋಗಿ ಅವ್ರಿಗೆ ಹೇಳು."

ಹೋದ. ಮಾರನೇ ದಿನವೇ ಹೋದ. ಬಸ್ ಬದಲಿಸಿ ಬದಲಿಸಿ ಬಿಟ್ಟಂಗಾಲ ತಲುಪಿದಾಗ ಪುಟ್ಟಬಸಪ್ಪ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದ. "ಬನ್ನಿ ಅಣ್ಣ, ಏನು ಹೇಳ್ದೇ ಕೇಳ್ದೇ!" ಎಂದು ಓಡಿಬಂದು ಕಾಲಿಗೆ ನೀರು ಕೊಟ್ಟ. ಕಾಫಿ ಕುಡಿದ ಮೇಲೆ ಶಿವಶಂಕರಪ್ಪ ಎಲ್ಲವನ್ನೂ ಹೇಳಿದ. ಮೂವರು ಅಣ್ಣತಮ್ಮಂದಿರಿಲ್ಲ, ಹೊಳೆ ದಾಟಿದವರಿಲ್ಲ, ಅಜ್ಜಿ ಯಾರಿಗಾಗಿಯೂ ಕೊರಗಿರಲಿಲ್ಲ. ಮಕ್ಕಳು ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದಾರೆ, ತಪ್ಪೇನಿಲ್ಲ, ಮಾಡಿಬಿಡೋಣ ಎಂದ.

ಪುಟ್ಟಬಸಪ್ಪ ಖಾಲಿ ಲೋಟಗಳನ್ನು ಪಕ್ಕಕ್ಕೆ ಸರಿಸಿದ. "ಅಣ್ಣ, ನಾನು ಹುಟ್ಟಿದ್ದು ಎಸ್ಟೇಟಿನ ಕೂಲಿ ಲೈನ್ ಮನೇಲಿ" ಎಂದ. "ನಮ್ಮಪ್ಪ ಯಾವೂರಿಂದ ಬಂದ್ನೋ ಹೇಳ್ದೇ ಸತ್ತ. ಸತ್ತಾಗ ನಮ್ಮೋರು ಅಂತ ಒಂದು ನರಪಿಳ್ಳೆ ಬರ್ಲಿಲ್ಲ. ಕಾಫಿ ಪಿಕಿಂಗ್ ಬಿಟ್ಟು ಬಂದು ಆಳುಗಳು ಹೊತ್ರು. ನಿಮ್ದು ಮೂಲ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ತಲೆ ತಗ್ಗಿಸ್ತಿದ್ದೆ. ಈಗ ಫೋನ್ ಮಾಡಿದ್ರೆ ಕರ್ನಲ್ಲು 'ಏನೋ ತಮ್ಮ' ಅಂತಾರೆ. ನೀವೇ ಕೊಟ್ಟಿದ್ದು ಅದನ್ನ. ಈಗ ನೀವೇ ಕಿತ್ಕೊಂಡು ಹೋಗೋಕೆ ಬಂದ್ರಾ?"

"ಅದು ಸುಳ್ಳು ಪುಟ್ಟಬಸಪ್ಪ."

"ಇದು ಸುಳ್ಳು. ಮಗಳ ಮೇಲಿನ ಆಸೆಗೆ ಹೇಳ್ತಿದೀರ. ನಾನು ಬೇಜಾರು ಮಾಡ್ಕೊಳಲ್ಲ ಅಣ್ಣ, ಹೆತ್ತ ಕರುಳು. ಆದ್ರೆ ಇನ್ನೊಂದ್ಸಲ ಹೇಳ್ಬೇಡಿ."

ಸುದ್ದಿ ಬಳಗಕ್ಕೆಲ್ಲ ಹಬ್ಬಿತು. ಐನೋರ ಮನೆಯ ಜಗಲಿಯಲ್ಲಿ ಹಿರಿಯರು ಸೇರಿದರು. ಶಿವಶಂಕರಪ್ಪ ಕೊರಳಿನ ಲಿಂಗ ಹಿಡಿದು ಆಣೆ ಮಾಡಿದ. ಆ ಕಥೆ ಸುಳ್ಳು, ನಾವು ಯಾರೂ ಯಾರಿಗೂ ಏನೂ ಅಲ್ಲ ಎಂದ. ಕರ್ನಲ್ಲರು ಸಿಟ್ಟು ಮಾಡಲಿಲ್ಲ, ಮೆಲ್ಲನೆಯೇ ಕೇಳಿದರು. "ಶಿವಶಂಕರಪ್ಪ, ಅವತ್ತು ನಿಮಗೆ ಸುಳ್ಳು ಹೇಳೋ ಅಗತ್ಯ ಏನಿತ್ತು? ಇವತ್ತು ಇದೆ. ನಾವು ಯಾವುದನ್ನ ನಂಬಬೇಕು?"

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. "ನಿಮ್ಮ ಪಕ್ಕ ಕೂತ್ಕೋಬೇಕು ಅಂತ ಆಸೆ ಇತ್ತು ಸರ್" ಎಂದ ಶಿವಶಂಕರಪ್ಪ. ಜೀವಮಾನದಲ್ಲಿ ಅಷ್ಟು ನಿಜವಾದ ಮಾತನ್ನು ಅವನು ಆಡಿರಲಿಲ್ಲ. ಜಗಲಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಐನೋರು, "ಹೋಗಲಿ ಬಿಡಿ, ಪಾಪ, ಹೆಣ್ಣು ಹೆತ್ತವನು. ಹುಡುಗೀಗೆ ಬುದ್ಧಿ ಹೇಳಿ" ಎಂದು ಎದ್ದರು. ಇಷ್ಟು ವರ್ಷ ಬಿಟ್ಟ ಬುರುಡೆಯನ್ನೆಲ್ಲ ನಂಬಿದ ಜನ ಈ ಒಂದು ಮಾತನ್ನು ನಂಬಲಿಲ್ಲ.

ರಿಜಿಸ್ಟರ್ ಮದುವೆ ಮಾಡಿಕೊಳ್ಳೋಣ ಎಂದು ವಿನುತಾ ಹಟ ಹಿಡಿದಳು. ಕೀರ್ತಿ ಮೊದಲು ಒಪ್ಪಿದ. ಆದರೆ ಪುಟ್ಟಬಸಪ್ಪ ಊಟ ಬಿಟ್ಟು ಮಲಗಿದ, ಬೈಯಲಿಲ್ಲ, ಕೂಗಾಡಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ ಅಷ್ಟೆ. ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿಸಬೇಕಾಯಿತು. ಅದಾದ ಮೇಲೆ ಕೀರ್ತಿ ಒಂದು ಮಧ್ಯಾಹ್ನ ಅಂಗಡಿಗೇ ಬಂದ. ವಿನುತಾ ಅಲ್ಲೇ ಇದ್ದಳು.

"ನೀನೂ ನಂಬ್ತೀಯೇನೋ ಆ ಕಥೇನ?" ಎಂದಳು.

"ನಾನು ನಂಬಲ್ಲ ವಿನು. ಆದ್ರೆ ನಮ್ಮಪ್ಪ ಅದನ್ನ ನಂಬ್ಕೊಂಡೇ ಉಸಿರಾಡ್ತಿದಾರೆ. ಸುಳ್ಳು ಅಂತ ಗೊತ್ತಾದ್ರೆ ಸತ್ತೇ ಹೋಗ್ತಾರೆ. ನನ್ನ ಕೈಲಾಗಲ್ಲ ಕಣೆ."

ಅಷ್ಟು ಹೇಳಿ ಹೋದ. ಅವಳು ಅಳುತ್ತ ಕೂತಳು. ಶಿವಶಂಕರಪ್ಪ ಸಮಾಧಾನ ಮಾಡಲು ಕೈ ಚಾಚಿದ, ಅವಳು ಪಕ್ಕಕ್ಕೆ ಸರಿದಳು. ಗೋಡೆಯ ಮೇಲಿನ ಪಟಗಳನ್ನೆಲ್ಲ ಕಿತ್ತೊಗೆಯಬೇಕು ಎನ್ನಿಸಿತು ಅವನಿಗೆ. ಕಿತ್ತರೂ ಏನು ಉಪಯೋಗ! ಆ ಮನುಷ್ಯರಿಗೆಲ್ಲ ಅವನು ಈಗ ನಿಜವಾಗಿಯೂ ಸಂಬಂಧಿಕ.

ಮಳೆಗಾಲ ಕಳೆಯಿತು. ಅವಳು ಅಮ್ಮತ್ತಿಯ ಕೆಲಸ ಬಿಟ್ಟು ಬಂದು ಮನೆಯಲ್ಲೇ ಉಳಿದಳು. ಅಪ್ಪನೊಡನೆ ಮಾತು ಬಿಡಲಿಲ್ಲ. ಕಾಫಿ ಬೇಕಾ, ಅಂಗಡಿ ಬೀಗದ ಕೈ ಎಲ್ಲಿ, ಇಂಥ ಮಾತು ಮಾತ್ರ. ಬಂದ ಸಂಬಂಧವನ್ನೆಲ್ಲ ಬೇಡ ಎಂದಳು. ಕೀರ್ತಿಗೆ ಹಾಸನದ ಕಡೆಯ ಹೆಣ್ಣು ಗೊತ್ತಾಯಿತು ಎಂದು ಸುಲೋಚನಮ್ಮನಿಗೆ ಯಾರೋ ಹೇಳಿದರು. ಅವಳು ಅದನ್ನು ಮಗಳಿಗೆ ಹೇಳದೆ ನುಂಗಿಕೊಂಡಳು.

ಹೋದ ವಾರ ಕೀರ್ತಿಯ ತಾಯಿ ಲಗ್ನಪತ್ರಿಕೆ ಹಿಡಿದು ಬಂದಳು. ಜೊತೆಗೆ ಪುಟ್ಟಬಸಪ್ಪನೂ ಬಂದಿದ್ದ, ಸೊರಗಿ ಹೋಗಿದ್ದ. ಅರಿಶಿನ ಕುಂಕುಮ ಕೊಟ್ಟು, ತಾಂಬೂಲ ಇಟ್ಟು, ಆ ಹೆಂಗಸು ವಿನುತಾಳ ಕೈ ಹಿಡಿದುಕೊಂಡಳು. ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

"ಬಾವ, ನಂಗೆ ಹೆಣ್ಣು ಮಕ್ಳಿಲ್ಲ" ಎಂದಳು ಶಿವಶಂಕರಪ್ಪನ ಕಡೆ ತಿರುಗಿ. "ಕೀರ್ತಿಗೆ ಒಡಹುಟ್ಟು ಅಂದ್ರೆ ವಿನುತಾನೇ. ಧಾರೆ ಹೊತ್ನಲ್ಲಿ ಗಂಡಿನ ಹಿಂದೆ ಕಳಸ ಹಿಡ್ಕೊಂಡು ನಿಲ್ಲೋಕೆ ತಂಗಿ ಬೇಕಲ್ಲ. ಆಗಿದ್ದು ಆಗೋಯ್ತು, ಮಕ್ಳು ತಿಳೀದೇ ಏನೋ ಅಂದ್ಕೊಂಡಿದ್ರು. ಇವ್ಳು ಕಳಸಗಿತ್ತಿ ಆಗಿ ನಿಂತ್ರೆ ಜನರ ಬಾಯೂ ಮುಚ್ಚುತ್ತೆ, ಮನೆಗೂ ಶೋಭೆ. ಕಳಿಸ್ಕೊಡಿ ಬಾವ."

ಸುಲೋಚನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಪುಟ್ಟಬಸಪ್ಪ ನೆಲ ನೋಡುತ್ತಿದ್ದ. ವಿನುತಾ ಕೈ ಬಿಡಿಸಿಕೊಳ್ಳಲಿಲ್ಲ.

"ಆಯ್ತು ಚಿಕ್ಕಮ್ಮ, ಬರ್ತೀನಿ" ಎಂದಳು.

ಅವರು ಸಂತೋಷದಿಂದ ಎದ್ದು ಹೊರಟರು. ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬಂದ ಶಿವಶಂಕರಪ್ಪ ಬಾಗಿಲಲ್ಲೇ ನಿಂತ. ಮಗಳು ತಾಂಬೂಲದ ತಟ್ಟೆ ತೆಗೆದಿಡುತ್ತಿದ್ದಳು.

"ಬೇಡ ಕಣಮ್ಮ" ಎಂದ. ಅಳು ಒತ್ತರಿಸಿ ಬರುತ್ತಿತ್ತು. "ನೀನು ಹೋಗ್ಬೇಡ. ಹುಷಾರಿಲ್ಲ ಅಂತಲೋ ಏನೋ ಒಂದು, ನಾನು ಹೇಳ್ತೀನಿ ಅವ್ರಿಗೆ."

ವಿನುತಾ ತಟ್ಟೆ ಹಿಡಿದುಕೊಂಡೇ ಅಪ್ಪನ ಮುಖ ನೋಡಿದಳು. ಎಷ್ಟೋ ತಿಂಗಳ ಮೇಲೆ ನೇರವಾಗಿ ನೋಡಿದ್ದು ಅದೇ.

"ನೀನು ಇನ್ನೇನೂ ಹೇಳ್ಬೇಡಪ್ಪ" ಎಂದಳು.